ಕಣಿವೆ ಸುತ್ತಿಗೆ ಮೇಲಿನ ಸೇತುವೆಯಿಂದ ಹೊರಡಿ

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷದಿಂದ ವಾರಾಂತ್ಯದಲ್ಲಿ 35–40 ಕಿ.ಮೀ. ಸೈಕಲ್ ತುಳಿಯುತ್ತಿದ್ದೇನೆ, ಹೆಚ್ಚಾಗಿ ಸಮತಟ್ಟು ರಸ್ತೆಯಲ್ಲಿ. ಈಗ ಬೆಟ್ಟಗಳ ನಡುವಿನ ನದಿ ಕಣಿವೆಯಲ್ಲಿ ಇಡೀ ದಿನದ ಒಂದು ಸುತ್ತು ಹಾಕುವ ಆಸೆ. ಒಂದು ದಡದ ರಸ್ತೆಯಲ್ಲಿ ಹೋಗಿ, ಸೇತುವೆ ದಾಟಿ, ಇನ್ನೊಂದು ದಡದಲ್ಲಿ ವಾಪಸ್. ಒಟ್ಟು 78 ಕಿ.ಮೀ. ಎರಡು ತುದಿಯ ಸೇತುವೆಗಳ ನಡುವೆ ಎತ್ತರದ ವ್ಯತ್ಯಾಸ 300 ಮೀಟರ್. ಆದರೆ ಮ್ಯಾಪ್ ಆ್ಯಪ್ ಒಟ್ಟು ಏರು 1,350 ಮೀಟರ್ ಅನ್ನುತ್ತಿದೆ. ನದಿ ಪಕ್ಕದ ರಸ್ತೆ ಸಮತಟ್ಟಾಗೇ ಇರಬೇಕಲ್ವಾ? ಎರಡು ತುದಿಯಲ್ಲಿ ಯಾವ ಕಡೆಯಿಂದ ಬೇಕಾದರೂ ಹೊರಡಬಹುದು. ಮೊದಲು ಏರು ಮುಗಿಸಿ, ಆಮೇಲೆ ಇಳಿಜಾರಿನಲ್ಲಿ ಆರಾಮಾಗಿ ಬರೋಣ ಅಂತ ನನ್ನ ಲೆಕ್ಕ. ಸರಿನಾ? ತಂಗಿಯೂ ಜೊತೆಗೆ ಬರುತ್ತಾಳೆ, ಅವಳು ನನಗಿಂತ ಸ್ವಲ್ಪ ನಿಧಾನ.

ಉತ್ತರ: ನಿಮ್ಮ ಕೊನೆಯ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಇಡೀ ದಿನ ಹೇಗಿರುತ್ತದೆ ಅನ್ನುವುದು ಅದರ ಮೇಲೆಯೇ ನಿಂತಿದೆ. ಮೊದಲು ಏರು, ಆಮೇಲೆ ಇಳಿಜಾರು. ಕೇಳಿದವರಿಗೆಲ್ಲ ಸರಿ ಅನ್ನಿಸುತ್ತದೆ. ನಾನೂ ಹಲವು ವರ್ಷ ಹಾಗೇ ಮಾಡಿದೆ. ಆದರೆ ಬಿಸಿಲು ಚೆನ್ನಾಗಿರುವ ದಿನ, ಬೆಟ್ಟದ ಕಣಿವೆಯಲ್ಲಿ, ಈ ಲೆಕ್ಕ ಉಲ್ಟಾ ಹೊಡೆಯುತ್ತದೆ. ನೀವು ಮೇಲಿನ ಸೇತುವೆಯಿಂದ ಹೊರಡಿ. ಬೆಳಿಗ್ಗೆ ನೀರಿನ ಜೊತೆ ಕೆಳಗೆ ಹೋಗಿ. ಮಧ್ಯಾಹ್ನ ನೀರಿಗೆ ಎದುರಾಗಿ ಮೇಲೆ ಬನ್ನಿ.

ಕಾರಣ ಗಾಳಿ.

ಕಣಿವೆಗೆ ತನ್ನದೇ ಆದ ಗಾಳಿ ಇರುತ್ತದೆ. ರಾತ್ರಿ ಬೆಟ್ಟದ ಮೈ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಆ ಗಾಳಿ ನೀರಿನ ಹಾಗೆಯೇ ತಗ್ಗಿಗೆ ಇಳಿದು, ನದಿಯ ದಾರಿ ಹಿಡಿದು ಮೆಲ್ಲಗೆ ಕೆಳಗೆ ಹರಿಯುತ್ತದೆ. ಬೆಳಗಿನ ಜಾವ ಕಣಿವೆಯಲ್ಲಿ ನಿಂತರೆ ಮುಖಕ್ಕೆ ತಾಗುವ ತಂಪು ಗಾಳಿ ಇದೇ. ಬಿಸಿಲೇರಿದ ಮೇಲೆ ಕಥೆ ತಿರುಗುತ್ತದೆ. ಎರಡೂ ಬದಿಯ ಇಳಿಜಾರು ಕಾಯುತ್ತವೆ. ಕಣಿವೆಯೊಳಗಿನ ಗಾಳಿ ಹೊರಗಿನ ಬಯಲಿನ ಗಾಳಿಗಿಂತ ಬೇಗ ಬಿಸಿಯಾಗಿ ಮೇಲೇಳುತ್ತದೆ. ಆ ಜಾಗ ತುಂಬಲು ಬಯಲಿನ ಕಡೆಯಿಂದ ಗಾಳಿ ಕಣಿವೆಯೊಳಗೆ ನುಗ್ಗಿ ಮೇಲಕ್ಕೆ ಬೀಸುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಒಂದೆರಡು ಗಂಟೆ ಮೊದಲು ಶುರುವಾಗಿ, ಮೂರು ನಾಲ್ಕು ಗಂಟೆಯ ಹೊತ್ತಿಗೆ ಜೋರಾಗಿ, ಸೂರ್ಯ ಮುಳುಗುತ್ತಿದ್ದ ಹಾಗೆ ತಣ್ಣಗಾಗುತ್ತದೆ. ಬೆಳಗಿನ ಕೆಳಮುಖ ಗಾಳಿ ಸಣ್ಣದು. ಮಧ್ಯಾಹ್ನದ ಮೇಲ್ಮುಖ ಗಾಳಿ ದೊಡ್ಡದು.

ಅಂದರೆ ನಿಮ್ಮ ಲೆಕ್ಕದಲ್ಲಿ ಹೋದರೆ ಸುಸ್ತಾದ ಕಾಲಿಟ್ಟುಕೊಂಡು, ದಿನದ ಅತಿ ಜೋರಾದ ಎದುರುಗಾಳಿಗೆ ಮುಖ ಕೊಡುತ್ತೀರಿ.

ಇಳಿಜಾರು ಇದೆಯಲ್ಲ, ಗಾಳಿ ಏನು ಮಾಡೀತು ಅನ್ನಬಹುದು. ಅಂಕಿ ಹಾಕಿ ನೋಡೋಣ. 39 ಕಿ.ಮೀ.ಗೆ 300 ಮೀಟರ್ ಅಂದರೆ ಸರಾಸರಿ ಇಳಿಜಾರು ಶೇ. 0.8ಕ್ಕಿಂತ ಕಡಿಮೆ. ನೀವು, ಸೈಕಲ್, ನೀರು, ಚೀಲ ಎಲ್ಲಾ ಸೇರಿ 85 ಕೆ.ಜಿ. ಅಂತ ಇಟ್ಟುಕೊಳ್ಳಿ. ಅಷ್ಟು ಇಳಿಜಾರು ನಿಮ್ಮನ್ನು ಮುಂದಕ್ಕೆ ಎಳೆಯುವ ಬಲ ಸುಮಾರು 6.4 ನ್ಯೂಟನ್. ಈಗ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ಗಂಟೆಗೆ 15 ಕಿ.ಮೀ. ಎದುರುಗಾಳಿ ಬಂದರೆ, ಗಾಳಿ ಇಲ್ಲದ ದಿನಕ್ಕೆ ಹೋಲಿಸಿ ಸುಮಾರು 15 ನ್ಯೂಟನ್ ಜಾಸ್ತಿ ತಡೆ ಬೀಳುತ್ತದೆ. ಇಳಿಜಾರು ಕೊಟ್ಟದ್ದರ ಎರಡು ಪಟ್ಟಿಗಿಂತ ಹೆಚ್ಚನ್ನು ಗಾಳಿ ಕಿತ್ತುಕೊಂಡಿತು. ಒಟ್ಟು ಲೆಕ್ಕ ತೆಗೆದರೆ ಎದುರುಗಾಳಿಯಲ್ಲಿ ಈ ಇಳಿಜಾರು ಇಳಿಯಲು 115–120 ವ್ಯಾಟ್ ಬೇಕು. ಅದೇ ಗಾಳಿ ಬೆನ್ನಿಗಿದ್ದಾಗ ಅದೇ ರಸ್ತೆಯನ್ನು ಅದೇ ವೇಗದಲ್ಲಿ ಏರಲು 70 ವ್ಯಾಟ್ ಸಾಕು. ಇಳಿಯುವುದಕ್ಕಿಂತ ಏರುವುದು ಸುಲಭ!

ನನಗೆ ಇದು ಅಂಕಿಯಿಂದ ಗೊತ್ತಾಗಿದ್ದಲ್ಲ. ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಇಂಥದ್ದೇ ಕಣಿವೆಯಲ್ಲಿ ಕೆಳಮುಖವಾಗಿ ಬರುತ್ತಿದ್ದೆ. ರಸ್ತೆ ಇಳಿಜಾರೇ ಇತ್ತು, ಪಕ್ಕದಲ್ಲಿ ನದಿ ನನ್ನ ದಿಕ್ಕಿನಲ್ಲೇ ಹರಿಯುತ್ತಿತ್ತು. ಆದರೆ ಹ್ಯಾಂಡಲ್ ಮೇಲಿನ ಮೀಟರ್ 13–14 ದಾಟುತ್ತಿರಲಿಲ್ಲ. ಸುಮ್ನೆ ನೋಡೋಣ ಅಂತ ಪೆಡಲ್ ನಿಲ್ಲಿಸಿದೆ. ಸೈಕಲ್ ಹತ್ತು ಹನ್ನೆರಡು ಮೀಟರ್ ಹೋಗಿ ನಿಂತೇಬಿಟ್ಟಿತು, ಇಳಿಜಾರಿನಲ್ಲಿ. ದಡದ ಜೊಂಡೆಲ್ಲ ಮೇಲಿನ ಕಡೆಗೆ ಬಾಗಿತ್ತು. ನೀರಿನ ಮೇಲಿನ ಸಣ್ಣ ಅಲೆಗಳು ಹರಿವಿಗೆ ವಿರುದ್ಧವಾಗಿ ಓಡುತ್ತಿದ್ದವು. ನದಿಯೇ ಹಿಂದಕ್ಕೆ ಹರಿಯುತ್ತಿದೆ ಅನ್ನುವ ಹಾಗೆ ಕಾಣುತ್ತಿತ್ತು. ಇನ್ನೂ 24 ಕಿ.ಮೀ. ಬಾಕಿ ಇತ್ತು. ಅವತ್ತಿನಿಂದ ನಾನು ಕಣಿವೆ ಸುತ್ತನ್ನು ಯೋಚಿಸುವಾಗ ಮೊದಲು ಗಾಳಿ, ಆಮೇಲೆ ಏರು ನೋಡುತ್ತೇನೆ.

ಈ ಗಾಳಿ ಎಷ್ಟು ನಿಯತ್ತಿನದ್ದು ಅಂದರೆ, ಕೆಲವು ಕಡೆ ಜನ ಅದಕ್ಕೆ ಹೆಸರಿಟ್ಟಿದ್ದಾರೆ. ಇಟಲಿಯ ಗಾರ್ಡಾ ಸರೋವರದಲ್ಲಿ ಬೆಳಿಗ್ಗೆ ಉತ್ತರದಿಂದ ಬೀಸುವುದು ಪೆಲೇರ್, ಮಧ್ಯಾಹ್ನ ದಕ್ಷಿಣದಿಂದ ಬೀಸುವುದು ಓರಾ. ಹಾಯಿದೋಣಿಯವರು ಅದನ್ನೇ ನೆಚ್ಚಿಕೊಂಡು ದೋಣಿ ಇಳಿಸುತ್ತಾರೆ. ಹಾಗಂತ ಎಲ್ಲ ಕಣಿವೆಯೂ ಒಂದೇ ಅಲ್ಲ. ಸ್ವಿಟ್ಜರ್ಲೆಂಡಿನ ಮೇಲಿನ ಎಂಗಾದಿನ್ ಕಣಿವೆಯಲ್ಲಿ ಹಗಲು ಹೊತ್ತಿನಲ್ಲೇ ಗಾಳಿ ಕೆಳಮುಖವಾಗಿ ಬೀಸುತ್ತದೆ. ಅದನ್ನು ಮಲೋಯಾ ಗಾಳಿ ಅನ್ನುತ್ತಾರೆ. ಅಲ್ಲಿ ನನ್ನ ಸಲಹೆ ಪಾಲಿಸಿದರೆ ಕಷ್ಟ. ಅದಕ್ಕೇ ಅಲ್ಲೇ ಇರುವ ಯಾರನ್ನಾದರೂ ಒಂದೇ ಮಾತು ಕೇಳಿ: ಬಿಸಿಲಿನ ದಿನ ಮಧ್ಯಾಹ್ನ ಮೂರಕ್ಕೆ ಗಾಳಿ ಯಾವ ಕಡೆಯಿಂದ ಬರುತ್ತೆ? ಹೊಲದಲ್ಲಿ ಕೆಲಸ ಮಾಡುವವರಿಗೆ, ಮೀನು ಹಿಡಿಯುವವರಿಗೆ ಇದು ಖಂಡಿತ ಗೊತ್ತಿರುತ್ತದೆ. ನದಿ ಬಯಲಲ್ಲಿ ಒಂಟಿಯಾಗಿ ನಿಂತ ಮರಗಳನ್ನೂ ನೋಡಿ. ವರ್ಷಗಟ್ಟಲೆ ಒಂದೇ ಕಡೆಯಿಂದ ಗಾಳಿ ತಿಂದ ಮರ ಒಂದೇ ಕಡೆಗೆ ವಾಲಿಕೊಂಡಿರುತ್ತದೆ.

ಮೋಡ ಕವಿದ ದಿನ ಈ ಗಾಳಿ ಹುಟ್ಟುವುದೇ ಇಲ್ಲ, ಇಲ್ಲವೇ ಬಹಳ ಸಣ್ಣದಾಗಿರುತ್ತದೆ. ಮಳೆ ಮಾರುತದಂಥ ದೊಡ್ಡ ಗಾಳಿ ಇದ್ದರೆ ಅದು ಕಣಿವೆಯನ್ನೇ ಕೊಳವೆ ಮಾಡಿಕೊಂಡು ದಿನವಿಡೀ ಒಂದೇ ಕಡೆ ಬೀಸುತ್ತದೆ. ಆಗ ಹವಾಮಾನದ ಗಂಟೆವಾರು ಮುನ್ಸೂಚನೆ ನೋಡಿ ಅದಕ್ಕೆ ತಕ್ಕ ಹಾಗೆ ಹೊರಡಿ. ಅದರಲ್ಲಿ ಪಶ್ಚಿಮ ಗಾಳಿ ಅಂದರೆ ಪಶ್ಚಿಮದಿಂದ ಬರುವ ಗಾಳಿ, ಪಶ್ಚಿಮಕ್ಕೆ ಹೋಗುವುದಲ್ಲ. ಇದನ್ನು ಬಹಳ ಜನ ತಪ್ಪು ಓದುತ್ತಾರೆ. ಗಾಳಿಯೇ ಇಲ್ಲದ ದಿನವಾದರೆ ನಿಮ್ಮ ಮೂಲ ಲೆಕ್ಕವೇ ಸರಿ, ಏರು ಮೊದಲು ಮುಗಿಸಿ.

ಈಗ ನಿಮ್ಮ 1,350 ಮೀಟರ್ ವಿಷಯ. ಇದರಲ್ಲಿ ಎರಡು ಬೇರೆ ಸಂಗತಿ ಸೇರಿಕೊಂಡಿವೆ. ರಸ್ತೆ ನಿಜವಾಗಿಯೂ ಸಮತಟ್ಟಲ್ಲ ಅನ್ನುವುದು ಒಂದು. ಆ್ಯಪ್ ಅದನ್ನು ಉಬ್ಬಿಸಿ ಹೇಳುತ್ತಿದೆ ಅನ್ನುವುದು ಇನ್ನೊಂದು.

ನದಿ ಯಾವತ್ತೂ ಏರುವುದಿಲ್ಲ, ರಸ್ತೆ ಏರುತ್ತದೆ. ನದಿ ಅಂಕುಡೊಂಕಾಗಿ ಹರಿಯುವಾಗ ತಿರುವಿನ ಹೊರಬದಿಯಲ್ಲಿ ನೀರಿನ ಹೊಡೆತ ಜಾಸ್ತಿ. ಅಲ್ಲಿ ದಡ ಕೊರೆದು ಕೊರೆದು ಬಂಡೆಯ ಗೋಡೆಯಾಗಿರುತ್ತದೆ. ಒಳಬದಿಯಲ್ಲಿ ನೀರು ನಿಧಾನ, ಮರಳು ಮಣ್ಣು ಬಿದ್ದು ಅಗಲವಾದ ಬಯಲಾಗಿರುತ್ತದೆ. ರಸ್ತೆ ಒಳಬದಿಗೆ ಬಂದಾಗ ಹೊಲಗಳ ನಡುವೆ ಹಾಯಾಗಿ ಸಾಗುತ್ತದೆ. ಹೊರಬದಿಗೆ ಬಂದಾಗ ಕಾಲಿಡಲು ಜಾಗ ಇಲ್ಲದೆ ಗುಡ್ಡ ಹತ್ತಿ, ಅದರ ಮೂಗು (ನದಿಯ ಕಡೆಗೆ ಚಾಚಿದ ಗುಡ್ಡದ ತುದಿ) ದಾಟಿ, ಮತ್ತೆ ಇಳಿಯುತ್ತದೆ. ಒಂದು ದಡದ ಒಳಬದಿ ಅಂದರೆ ಎದುರು ದಡದ ಹೊರಬದಿ. ಆದ್ದರಿಂದ ಎರಡೂ ದಡಕ್ಕೆ ಏರು ಸರದಿಯಂತೆ ಬರುತ್ತದೆ. ಇದರ ಮೇಲೆ, ಪಕ್ಕದಿಂದ ಬಂದು ಸೇರುವ ಪ್ರತಿ ಹಳ್ಳಕ್ಕೂ ಒಂದು ತಗ್ಗು, ಒಂದು ಏರು. ಪ್ರವಾಹ ಬರುವ ನದಿಯಾದರೆ ರಸ್ತೆಯನ್ನು ಬೇಕಂತಲೇ ಎತ್ತರಕ್ಕೆ ಮಾಡಿರುತ್ತಾರೆ.

ಅಗಲವಾದ ಕಣಿವೆಯ ಅನುಭವ ಬೇರೆ. ಪಾಸಾವ್‌ನಿಂದ ವಿಯೆನ್ನಾದವರೆಗಿನ ಡ್ಯಾನ್ಯೂಬ್ ದಂಡೆಯ ಸೈಕಲ್ ದಾರಿ ಸುಮಾರು 300 ಕಿ.ಮೀ. ಅಷ್ಟು ದೂರಕ್ಕೆ ಎತ್ತರದ ವ್ಯತ್ಯಾಸ 150 ಮೀಟರ್ ಆಸುಪಾಸು. ಅದರ ಬಹುಭಾಗ, ಹಿಂದೆ ಕುದುರೆಗಳು ದಡದ ಮೇಲೆ ನಡೆಯುತ್ತ ದೋಣಿ ಎಳೆಯುತ್ತಿದ್ದ ದಾರಿ. ಕುದುರೆ ನೀರಿನ ಮಟ್ಟದಲ್ಲೇ ನಡೆಯಬೇಕಿತ್ತು, ಅದಕ್ಕೇ ಅದು ಅಷ್ಟು ಸಮ. ನದಿ ಪಕ್ಕದ ರಸ್ತೆ ಸಮತಟ್ಟು ಅನ್ನುವ ನಂಬಿಕೆ ಇಂಥ ದಾರಿಗಳಿಂದ ಬಂದದ್ದು. ನಿಮ್ಮ ಕಣಿವೆಯಲ್ಲಿ ಹಳೆಯ, ಈಗ ರೈಲು ಓಡದ ಹಳಿ ದಾರಿಯನ್ನು ಸೈಕಲ್ಲಿಗೆ ಬಿಟ್ಟಿದ್ದರೆ ಕಣ್ಣು ಮುಚ್ಚಿ ಅದನ್ನೇ ಹಿಡಿಯಿರಿ. ರೈಲಿಗೆ ಕಡಿದಾದ ಏರು ಆಗುವುದಿಲ್ಲ, ಹೆಚ್ಚಿನ ಮಾರ್ಗಗಳನ್ನು ಶೇ. 2ರ ಒಳಗೇ ಹಾಕಿರುತ್ತಾರೆ.

ಇನ್ನು ಆ್ಯಪ್. ಇಂಥ ಆ್ಯಪ್‌ಗಳಿಗೆ ರಸ್ತೆಯ ನಿಜವಾದ ಎತ್ತರ ಗೊತ್ತಿರುವುದಿಲ್ಲ, ನೆಲದ ಎತ್ತರದ ಜಾಲರಿ ಇರುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಜಾಲರಿಯೊಂದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಹಾರಿ ರೇಡಾರ್‌ನಿಂದ ಅಳೆದದ್ದು. ಅದರ ಒಂದೊಂದು ಚೌಕ ಸುಮಾರು 30 ಮೀಟರ್. ಬಯಲಿಗೆ ಅದು ಧಾರಾಳ. ಆದರೆ ನಿಮ್ಮ ರಸ್ತೆ ಬೆಟ್ಟದ ಮೈಯನ್ನು ಕೊರೆದು ಮಾಡಿದ ಆರು ಮೀಟರ್ ಅಗಲದ ಪಟ್ಟಿ. ಅದೇ 30 ಮೀಟರ್ ಚೌಕದೊಳಗೆ ಒಂದು ಬದಿ ನದಿ ಇದೆ, ಇನ್ನೊಂದು ಬದಿ ಕಡಿದಾದ ಗುಡ್ಡ ಇದೆ. ಆ್ಯಪ್ ಒಂದು ಚೌಕದಲ್ಲಿ ನಿಮ್ಮನ್ನು ಗುಡ್ಡದ ಮೇಲೆ ಹತ್ತಿಸುತ್ತದೆ, ಮುಂದಿನದರಲ್ಲಿ ನೀರಿಗಿಳಿಸುತ್ತದೆ. ಸುರಂಗ ಇದ್ದರೆ ಇಡೀ ಬೆಟ್ಟ ಹತ್ತಿಸುತ್ತದೆ. ಎತ್ತರದ ಸೇತುವೆ ಇದ್ದರೆ ಕೆಳಗಿಳಿಸಿ ಮೇಲೆತ್ತುತ್ತದೆ. ಇದೆಲ್ಲ ಕೂಡಿ ಕೂಡಿ ಒಟ್ಟು ಏರು ಉಬ್ಬುತ್ತದೆ. ಆ್ಯಪಿನ ಚಿತ್ರದಲ್ಲಿ ಗರಗಸದ ಹಲ್ಲಿನ ಹಾಗೆ ಚೂಪು ಚೂಪಾದ ಗೆರೆ ಕಂಡರೆ, ನೂರು ಮೀಟರ್ ಉದ್ದಕ್ಕೆ ಶೇ. 20ರ ಏರು ಅಂತ ತೋರಿಸಿದರೆ, ಅದನ್ನು ನಂಬಬೇಡಿ.

ಕೈಲೆಕ್ಕ ಮಾಡಿ, ಅರ್ಧ ಗಂಟೆಯ ಕೆಲಸ. ಸಮಎತ್ತರ ಗೆರೆಗಳಿರುವ ನಕ್ಷೆ ತೆರೆದು, ರಸ್ತೆ ನದಿಯಿಂದ ದೂರ ಸರಿದು ಗೆರೆ ದಾಟುವ ಜಾಗಗಳನ್ನು ಮಾತ್ರ ಗುರುತು ಹಾಕಿ. ಪ್ರತಿಯೊಂದರಲ್ಲೂ ಎಷ್ಟು ಗೆರೆ ಮೇಲೆ ಹೋಯಿತು ಅಂತ ಬರೆಯಿರಿ. ಉದಾಹರಣೆಗೆ ಒಂದೊಂದು ದಡದಲ್ಲಿ ಎಂಟು ಮೂಗು, ಒಂದೊಂದೂ ಸರಾಸರಿ 25 ಮೀಟರ್ ಅಂತ ಬಂದರೆ, ಎರಡೂ ದಡ ಸೇರಿ 400. ಅದಕ್ಕೆ ಎರಡು ಸೇತುವೆ ನಡುವಿನ 300 ಸೇರಿಸಿ. ಒಟ್ಟು 700 ಮೀಟರ್. 78 ಕಿ.ಮೀ.ಗೆ 700–800 ಮೀಟರ್ ಅಂದರೆ ಮಧ್ಯಮ ಕಷ್ಟದ ಸುತ್ತು, ನಿಮ್ಮ ಕೈಲಿ ಆಗುವಂಥದ್ದು. ನೂರು ಮೀಟರ್ ಏರಿಗೆ ನಿಮ್ಮ ಮಟ್ಟದವರಿಗೆ 10–12 ನಿಮಿಷ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಬಹುದು. ನಿಮ್ಮ ಕೈಲೆಕ್ಕವೇ 1,300 ಹತ್ತಿರ ಬಂದರೆ ಮಾತ್ರ ಇದನ್ನು ಮುಂದಕ್ಕೆ ಹಾಕಿ, ಮಧ್ಯದ ಯಾವುದಾದರೂ ಸೇತುವೆ ಬಳಸಿ ಚಿಕ್ಕ ಸುತ್ತು ಮಾಡಿ.

ಮಧ್ಯದ ಸೇತುವೆಗಳನ್ನು ಹೇಗೂ ಗುರುತು ಮಾಡಲೇಬೇಕು. ಕಣಿವೆಯಲ್ಲಿ ಎದುರು ದಡ ಕಣ್ಣ ಮುಂದೆಯೇ ಇರುತ್ತದೆ, ಆದರೆ ದಾಟಲು ಸೇತುವೆ ಇಲ್ಲದಿದ್ದರೆ ಅದು ಬೇರೆ ಊರಿದ್ದ ಹಾಗೆ. ಮಳೆ ಬಂತು, ಸೈಕಲ್ ಕೆಟ್ಟಿತು, ತಂಗಿಗೆ ಸಾಕಾಯಿತು ಅಂದಾಗ ಹತ್ತಿರದ ಸೇತುವೆ ಹಿಂದಿದೆಯೋ ಮುಂದಿದೆಯೋ ಅಂತ ಅಲ್ಲಿ ನಿಂತು ಹುಡುಕಬಾರದು. ಪ್ರತಿ ಸೇತುವೆಯೂ ಈಗಲೂ ಬಳಕೆಯಲ್ಲಿದೆಯಾ, ಅದರ ಮೇಲೆ ಸೈಕಲ್ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ. ಆಳವಾದ ಕಣಿವೆಯಲ್ಲಿ ಸಿಗ್ನಲ್ ಸಿಗುವುದು ಕಷ್ಟ. ಸಿಗ್ನಲ್ ಹುಡುಕುತ್ತಲೇ ಫೋನಿನ ಬ್ಯಾಟರಿ ಖಾಲಿಯಾಗುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿ, ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ.

ಎಲ್ಲಿಂದ ಹೊರಡಬೇಕು ಅನ್ನುವುದು ಆಯಿತು. ಯಾವ ದಡ ಮೊದಲು? ವಾಹನಗಳು ರಸ್ತೆಯ ಎಡಗಡೆ ಹೋಗುವ ದೇಶದಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿ, ಬಲಗಡೆ ಹೋಗುವ ದೇಶದಲ್ಲಿ ಮುಳ್ಳಿನ ದಿಕ್ಕಿನಲ್ಲೇ ಸುತ್ತಿ. ಹೀಗೆ ಮಾಡಿದರೆ ನದಿ ಯಾವಾಗಲೂ ನಿಮ್ಮದೇ ಬದಿಯಲ್ಲಿರುತ್ತದೆ. ನಿಮಗೂ ನೀರಿಗೂ ನಡುವೆ ಎದುರಿನಿಂದ ಬರುವ ಲಾರಿ ಇರುವುದಿಲ್ಲ. ಎಲ್ಲಿ ಬೇಕಾದರೂ ರಸ್ತೆ ದಾಟದೆ ನಿಲ್ಲಿಸಿ ನೋಡಬಹುದು, ಸೇತುವೆಗೆ ತಿರುಗುವಾಗಲೂ ಎದುರಿನ ವಾಹನಗಳನ್ನು ಕತ್ತರಿಸಬೇಕಾಗಿಲ್ಲ. ಒಂದೇ ಎಚ್ಚರ: ಆ ಬದಿಯಲ್ಲಿ ತಡೆಗೋಡೆ ಇಲ್ಲದ ಜಾಗಗಳಿರುತ್ತವೆ. ಅಂಚಿಗೆ ಅಂಟಿಕೊಂಡು ಹೋಗಬೇಡಿ, ಒಂದು ಮೀಟರ್ ಬಿಟ್ಟೇ ಹೋಗಿ.

ಬಿಸಿಲನ್ನೂ ಸ್ವಲ್ಪ ಲೆಕ್ಕಕ್ಕೆ ತೆಗೆದುಕೊಳ್ಳಿ. ಉತ್ತರ–ದಕ್ಷಿಣವಾಗಿ ಹರಿಯುವ ಕಣಿವೆಯಲ್ಲಿ ಬೆಳಿಗ್ಗೆ ಪೂರ್ವ ದಡ ಬೆಟ್ಟದ ನೆರಳಿನಲ್ಲಿರುತ್ತದೆ, ಸಂಜೆ ಪಶ್ಚಿಮ ದಡ. ಸೆಕೆ ಕಾಲದಲ್ಲಿ ಆ ನೆರಳನ್ನು ಹಿಡಿಯಿರಿ, ಚಳಿಗಾಲದಲ್ಲಿ ಬಿಟ್ಟುಬಿಡಿ. ಎಷ್ಟೋ ಹೊತ್ತು ಬಿಸಿಲು ಬೀಳದ ತಿರುವುಗಳಲ್ಲಿ ಪಾಚಿ, ಒದ್ದೆ ಎಲೆ ಇರುತ್ತದೆ. ಅಲ್ಲಿ ತಿರುಗುವಾಗ ಬ್ರೇಕ್ ಹಿಡಿಯಬೇಡಿ, ತಿರುವಿಗೆ ಮೊದಲೇ ವೇಗ ಇಳಿಸಿ. ಕಣಿವೆಗೆ ಸೂರ್ಯ ತಡವಾಗಿ ಬಂದು ಬೇಗ ಹೋಗುತ್ತಾನೆ. ಪಂಚಾಂಗದ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ರಸ್ತೆ ಮಸುಕಾಗಬಹುದು. ತಣ್ಣನೆಯ ಗಾಳಿ ರಾತ್ರಿಯಿಡೀ ತಳದಲ್ಲಿ ನಿಲ್ಲುವುದರಿಂದ ಬೆಳಿಗ್ಗೆ ಮಂಜು ಸಾಮಾನ್ಯ. ಹಿಂದೆ ಮುಂದೆ ದೀಪ ಹಾಕಿಕೊಂಡೇ ಹೊರಡಿ.

ಹೊತ್ತು ಹೀಗೆ ಇಟ್ಟುಕೊಳ್ಳಿ. ಏಳೂವರೆಗೆ ಮೇಲಿನ ಸೇತುವೆ ಬಿಡಿ. ಕೆಳಮುಖವಾಗಿ 39 ಕಿ.ಮೀ., ಗಂಟೆಗೆ 20ರ ಲೆಕ್ಕದಲ್ಲಿ ಎರಡು ಗಂಟೆ, ನಿಂತು ನೋಡಲು ಮುಕ್ಕಾಲು ಗಂಟೆ. ಹತ್ತೂಕಾಲು ಹತ್ತೂವರೆಗೆ ಕೆಳಗಿನ ಸೇತುವೆ. ಅಲ್ಲಿ ಧಾರಾಳವಾಗಿ ಒಂದು ಗಂಟೆ ಕೂತು ಊಟ ಮಾಡಿ. ಆ ಗಂಟೆ ದಂಡವಲ್ಲ, ಗಾಳಿ ತಿರುಗಲು ನೀವು ಕೊಡುವ ಸಮಯ. ಹನ್ನೊಂದೂವರೆಗೆ ಹೊರಟರೆ ಗಾಳಿ ಬೆನ್ನು ತಟ್ಟಲು ಶುರು ಮಾಡಿರುತ್ತದೆ. ಮೇಲ್ಮುಖವಾಗಿ ಎರಡೂವರೆ ಗಂಟೆ ಪೆಡಲ್, ಒಂದು ಗಂಟೆ ವಿಶ್ರಾಂತಿ. ಮೂರು ಗಂಟೆಗೆ ವಾಪಸ್. ಎರಡು ಗಂಟೆ ತಡವಾದರೂ ಬೆಳಕು ಇರುತ್ತದೆ.

ಕೂರಲು ಜಾಗ ಹುಡುಕುವಾಗ ಒಂದು ವಿಷಯ ಮರೆಯಬೇಡಿ. ಮೇಲೆ ಅಣೆಕಟ್ಟು ಇರುವ ನದಿಯಾದರೆ ಮಧ್ಯದ ಬಂಡೆಗಳ ಮೇಲೆ, ಮರಳ ದಿಬ್ಬದ ಮೇಲೆ ಹೋಗಿ ಕೂರಬೇಡಿ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ ಮಟ್ಟ ನೋಡುನೋಡುತ್ತಿದ್ದಂತೆ ಏರುತ್ತದೆ. ದೂರದ ಮೇಲ್ಭಾಗದಲ್ಲಿ ಮಳೆಯಾದಾಗಲೂ ಅಷ್ಟೇ. ದಡದ ಮೇಲೆ, ಹುಲ್ಲು ಬೆಳೆದಿರುವಷ್ಟು ಎತ್ತರದಲ್ಲಿ ಕೂತುಕೊಳ್ಳಿ.

ಸೈಕಲ್ಲಿನಲ್ಲಿ ನಾನು ಮೊದಲು ನೋಡುವುದು ಅತಿ ಹಗುರದ ಗೇರ್. ಆ ಮೂಗುಗಳು ಗಿಡ್ಡ, ಆದರೆ ಕಡಿದು. ಶೇ. 8ರ ಏರಿನಲ್ಲಿ ನಿಮ್ಮ ವೇಗ ಗಂಟೆಗೆ 7 ಕಿ.ಮೀ. ಆಸುಪಾಸು ಇರುತ್ತದೆ. ಮುಂದಿನ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ ಹಲ್ಲಿನ ಸಂಖ್ಯೆ ಸಮ ಇದ್ದರೆ, ಉದಾಹರಣೆಗೆ 34ಕ್ಕೆ 34, ಆ ವೇಗದಲ್ಲಿ ಪೆಡಲ್ ನಿಮಿಷಕ್ಕೆ 55 ಸುತ್ತು ತಿರುಗುತ್ತದೆ. ಅದು ಸಾಲುವಷ್ಟೇ. ಹಿಂದಿನದು ಇನ್ನೂ ದೊಡ್ಡದಿದ್ದರೆ ಮಂಡಿಗೆ ಒಳ್ಳೆಯದು. ಏರು ಶುರುವಾದ ಮೇಲೆ ಗೇರ್ ಇಳಿಸಬೇಡಿ, ಕಾಲಿಗೆ ಭಾರ ಬೀಳುವ ಮೊದಲೇ ಇಳಿಸಿ. ಬ್ರೇಕಿನ ರಬ್ಬರ್ ಅಥವಾ ಪ್ಯಾಡ್ ಸವೆದಿದ್ದರೆ ಹೊರಡುವ ಮೊದಲೇ ಬದಲಿಸಿ. ಇಳಿಯುವಾಗ ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಬರಬಾರದು. ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ. ಟಯರ್ 32 ಮಿ.ಮೀ.ಗಿಂತ ಅಗಲ ಇದ್ದರೆ ಕಲ್ಲು ಗುಂಡಿಗಳಲ್ಲಿ ಮೈ ನೋಯುವುದಿಲ್ಲ.

ಪಂಕ್ಚರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎರಡು ಟ್ಯೂಬ್, ಟಯರ್ ಬಿಚ್ಚುವ ಎರಡು ಲಿವರ್, ಪಂಪ್ ಎಲ್ಲರೂ ಒಯ್ಯುತ್ತಾರೆ. ಟ್ಯೂಬ್ ಬದಲಿಸುವ ಅವಸರದಲ್ಲಿ ಮರೆಯುವುದು ಟಯರನ್ನು. ಒಮ್ಮೆ ನಾನು ಹೊಸ ಟ್ಯೂಬ್ ಹಾಕಿ ಎರಡು ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು. ಮುಳ್ಳು ಟಯರಿನಲ್ಲೇ ಕೂತಿತ್ತು, ಹೊಸ ಟ್ಯೂಬಿಗೂ ಅದೇ ಚುಚ್ಚಿತು. ಈಗ ಹೀಗೆ ಮಾಡುತ್ತೇನೆ. ತೂತಾದ ಟ್ಯೂಬಿಗೆ ಗಾಳಿ ಹಾಕಿ, ಕೆನ್ನೆಯ ಹತ್ತಿರ ಹಿಡಿದು ತಿರುಗಿಸುತ್ತೇನೆ. ಕಿವಿಗೆ ಕೇಳಿಸದ ಗಾಳಿ ಕೆನ್ನೆಗೆ ತಿಳಿಯುತ್ತದೆ. ತೂತು ಸಿಕ್ಕ ಮೇಲೆ ಟ್ಯೂಬನ್ನು ಟಯರಿನ ಪಕ್ಕ, ವಾಲ್ವ್‌ಗೆ ವಾಲ್ವ್ ಜಾಗ ಹೊಂದಿಸಿ ಇಟ್ಟರೆ, ಮುಳ್ಳು ಟಯರಿನ ಯಾವ ಭಾಗದಲ್ಲಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಟಯರಿನ ಒಳಮೈಯನ್ನು ಬೆರಳಿನಿಂದ ಬಹಳ ಮೆಲ್ಲಗೆ ಸವರಬೇಕು, ಗಾಜಿನ ಚೂರಿದ್ದರೆ ಬೆರಳು ಕೊಯ್ಯುತ್ತದೆ. ಒಂದು ಬಟ್ಟೆಯ ತುಂಡು ಸವರಿದರೂ ಸಾಕು, ಮುಳ್ಳಿರುವ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮೊನೆ ಇರುತ್ತದೆ, ಹೊರಗಿನಿಂದ ಒತ್ತಿ ಒಳಗಿನಿಂದ ಕೀಳಬೇಕು. ಇದನ್ನು ಮನೆಯಲ್ಲಿ ಒಂದು ಸಲ ಮಾಡಿ ನೋಡಿಯೇ ಬನ್ನಿ. ತಂಗಿಗೂ ಕಲಿಸಿ.

ತಿನ್ನುವುದು ಕುಡಿಯುವುದು ಸರಳ. ಸರಾಸರಿ 100 ವ್ಯಾಟಿನಲ್ಲಿ ನಾಲ್ಕೂವರೆ ಗಂಟೆ ತುಳಿದರೆ ಸುಮಾರು 1,600 ಕಿಲೋ ಕ್ಯಾಲೊರಿ ಖರ್ಚು. ಮೈಯಲ್ಲಿ ಕೂಡಿಟ್ಟ ಸಕ್ಕರೆಯೊಂದನ್ನೇ ನಂಬಿದರೆ ಕೊನೆಯ ಏರುಗಳಲ್ಲಿ ಕಾಲು ಸೋಲುತ್ತದೆ. ಹೊರಟ ಮುಕ್ಕಾಲು ಗಂಟೆಯಿಂದಲೇ, ಹಸಿವಾಗಲಿ ಆಗದಿರಲಿ, ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಲಿ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ನೀರು ಗಂಟೆಗೆ ಅರ್ಧ ಲೀಟರ್, ಸೆಕೆ ಇದ್ದರೆ ಮುಕ್ಕಾಲು. ಬೆಳಗಿನ ತಂಪಿನಲ್ಲಿ ಕುಡಿಯುವುದು ಮರೆತೇಹೋಗುತ್ತದೆ, ಅದರ ಸಾಲ ಮಧ್ಯಾಹ್ನ ತೀರಿಸಬೇಕಾಗುತ್ತದೆ. ನದಿ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ.

ತಯಾರಿಗೆ ಐದು ವಾರ ಕೊಡಿ. ಈಗಿನ 40ರಿಂದ ವಾರಕ್ಕೊಮ್ಮೆ ಏಳೆಂಟು ಕಿ.ಮೀ. ಏರಿಸುತ್ತ 60–65ಕ್ಕೆ ಬನ್ನಿ, ಮಧ್ಯದಲ್ಲಿ ಒಂದು ವಾರ ಕಡಿಮೆ ಮಾಡಿ. 78 ಪೂರ್ತಿ ಮೊದಲೇ ಮಾಡಿ ನೋಡುವ ಅಗತ್ಯ ಇಲ್ಲ. ಆದರೆ ಗಿಡ್ಡ ಏರು ಒಂದನ್ನು ಹುಡುಕಿ, ಒಂದೇ ದಿನ ಆರೇಳು ಸಲ ಹತ್ತಿ ಇಳಿಯುವುದು ಬಹಳ ಉಪಯೋಗ. ನೀವು ಸಮತಟ್ಟಿನಲ್ಲಿ ತುಳಿದವರು, ಪದೇ ಪದೇ ಏರಿ ಚೇತರಿಸಿಕೊಳ್ಳುವ ಅಭ್ಯಾಸ ಕಾಲಿಗೆ ಇನ್ನೂ ಇಲ್ಲ. ಸೀಟಿನ ಎತ್ತರವನ್ನೂ ಈಗಲೇ ಸರಿ ಮಾಡಿಕೊಳ್ಳಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ಪೂರ್ತಿ ನೀಳವಾಗಬೇಕು, ಸೊಂಟ ವಾಲಬಾರದು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ಬೇಕಾದಷ್ಟು ಬಾಗು ತಾನಾಗೇ ಬರುತ್ತದೆ.

ಕೊನೆಗೆ ನಿಮ್ಮ ತಂಗಿ. ಏರಿನಲ್ಲಿ ಅವರನ್ನು ಮುಂದೆ ಬಿಡಿ, ಅವರ ವೇಗವೇ ನಿಮ್ಮಿಬ್ಬರ ವೇಗವಾಗಲಿ. ನೀವು ಮುಂದೆ ಹೋಗಿ ಮೇಲೆ ಕಾಯುತ್ತ ನಿಂತರೆ, ಅವರು ಬಂದು ಮುಟ್ಟುವಾಗ ನಿಮ್ಮ ವಿಶ್ರಾಂತಿ ಮುಗಿದಿರುತ್ತದೆ, ಅವರದು ಶುರುವೇ ಆಗಿರುವುದಿಲ್ಲ. ಎಲ್ಲಾದರೂ ಎದುರುಗಾಳಿ ಸಿಕ್ಕಿದರೆ ಆಗ ನೀವು ಮುಂದೆ ಬನ್ನಿ. ಅವರು ನಿಮ್ಮ ಹಿಂದಿನ ಚಕ್ರಕ್ಕೆ ಒಂದು ಮೀಟರ್ ಹತ್ತಿರ ಇದ್ದರೆ ಸುಮಾರು ಐದರಲ್ಲೊಂದು ಭಾಗ ಶ್ರಮ ಉಳಿಯುತ್ತದೆ. ಆದರೆ ಇದನ್ನು ನೇರ, ಗುಂಡಿ ಇಲ್ಲದ ರಸ್ತೆಯಲ್ಲಿ ಮಾತ್ರ ಮಾಡಿ. ಇಳಿಜಾರಿನಲ್ಲಿ ಇಬ್ಬರ ನಡುವೆ ಧಾರಾಳ ಜಾಗ ಬಿಡಿ. ಮಾತಾಡುತ್ತ ತುಳಿಯಲು ಆಗುವಷ್ಟು ವೇಗ ಇಬ್ಬರಿಗೂ ಸರಿಯಾದ ವೇಗ. ಅವರ ಉತ್ತರ ಒಂದೊಂದೇ ಪದಕ್ಕೆ ಇಳಿದರೆ, ಕೇಳದೆಯೇ ಗೇರ್ ಇಳಿಸಿ.